ಸೀಟಿಯ ಹಿಂದಿನ ಉಸಿರು ಯಾರದು?

2002ರ ಮೇ 31ರ ರಾತ್ರಿ. ಅಮೆರಿಕದ ಲಾಸ್ ಏಂಜಲೀಸ್ ನಗರದ ಸ್ಟೇಪಲ್ಸ್ ಸೆಂಟರ್ ಒಳಾಂಗಣ ಕ್ರೀಡಾಂಗಣ ಕಿಕ್ಕಿರಿದು ತುಂಬಿತ್ತು. ಅಲ್ಲಿನ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಪಶ್ಚಿಮ ವಿಭಾಗದ ಅಂತಿಮ ಸರಣಿ ಆರನೆಯ ಪಂದ್ಯಕ್ಕೆ ಬಂದು ನಿಂತಿತ್ತು. ಏಳು ಪಂದ್ಯಗಳಲ್ಲಿ ಮೊದಲು ನಾಲ್ಕು ಗೆದ್ದವರಿಗೆ ಸರಣಿ. ಸ್ಯಾಕ್ರಮೆಂಟೊ ಕಿಂಗ್ಸ್ ತಂಡ ಆಗಲೇ ಮೂರು ಗೆದ್ದಿತ್ತು. ಆ ರಾತ್ರಿ ಇನ್ನೊಂದು ಗೆದ್ದರೆ, ಹಿಂದಿನ ಎರಡು ವರ್ಷ ಚಾಂಪಿಯನ್ ಪಟ್ಟದಲ್ಲಿದ್ದ ಲಾಸ್ ಏಂಜಲೀಸ್ ಲೇಕರ್ಸ್ ಮನೆಗೆ ಹೋಗಬೇಕು.

ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ನಾಲ್ಕು ಪಾದಗಳು. ಎನ್‌ಬಿಎಯಲ್ಲಿ ಒಂದೊಂದೂ 12 ನಿಮಿಷದ್ದು. ಎದುರಾಳಿಯನ್ನು ಅಕ್ರಮವಾಗಿ ತಡೆದರೆ ಫೌಲ್. ಬುಟ್ಟಿಗೆ ಚೆಂಡು ಎಸೆಯುವಾಗ ಫೌಲ್‌ಗೆ ಗುರಿಯಾದವನಿಗೆ, ಯಾರ ಅಡ್ಡಿಯೂ ಇಲ್ಲದೆ 15 ಅಡಿ ದೂರದಿಂದ ಚೆಂಡು ಎಸೆಯುವ ಅವಕಾಶ. ಇದೇ ಫ್ರೀ ಥ್ರೋ. ಒಂದು ಬಿದ್ದರೆ ಒಂದು ಅಂಕ. ಆ ರಾತ್ರಿಯ ಮೊದಲ ಮೂರು ಪಾದಗಳಲ್ಲಿ ಲೇಕರ್ಸ್‌ಗೆ 13, ಕಿಂಗ್ಸ್‌ಗೆ 16 ಫ್ರೀ ಥ್ರೋ ಸಿಕ್ಕಿದ್ದವು. ಕೊನೆಯ ಪಾದವೊಂದರಲ್ಲೇ ಲೇಕರ್ಸ್‌ಗೆ 27, ಕಿಂಗ್ಸ್‌ಗೆ 9. ಲೇಕರ್ಸ್‌ನ ದೈತ್ಯ ಶಕೀಲ್ ಓನೀಲ್‌ನನ್ನು ತಡೆಯಬೇಕಿದ್ದ ಕಿಂಗ್ಸ್‌ನ ಇಬ್ಬರು ಸೆಂಟರ್ ಆಟಗಾರರೂ ಆರು ಫೌಲ್ ತುಂಬಿ ಅಂಗಣದಿಂದ ಹೊರಬಿದ್ದರು. ಕೊನೆಯ ಕ್ಷಣಗಳಲ್ಲಿ ಲೇಕರ್ಸ್‌ನ ಕೋಬಿ ಬ್ರಯಾಂಟ್‌ರ ಮೊಣಕೈ ಕಿಂಗ್ಸ್‌ನ ಮೈಕ್ ಬಿಬಿಯ ಮುಖಕ್ಕೆ ಬಡಿಯಿತು. ಸೀಟಿ ಮಾತ್ರ ಊದಲಿಲ್ಲ. ಲೇಕರ್ಸ್ 106–102ರಿಂದ ಗೆದ್ದಿತು. ಎರಡು ದಿನಗಳ ನಂತರ ಏಳನೆಯ ಪಂದ್ಯವನ್ನೂ ಗೆದ್ದು, ಮುಂದೆ ಚಾಂಪಿಯನ್ ಕೂಡ ಆಯಿತು.

ಅಮೆರಿಕದ ಗ್ರಾಹಕ ಹಕ್ಕುಗಳ ಹೋರಾಟಗಾರ, 2000ದಲ್ಲಿ ಅಧ್ಯಕ್ಷ ಪದವಿಗೂ ಸ್ಪರ್ಧಿಸಿದ್ದ ರಾಲ್ಫ್ ನೇಡರ್ ಆರನೆಯ ಪಂದ್ಯದ ರೆಫರಿಗಳ ತೀರ್ಪುಗಳನ್ನು ಪರಿಶೀಲಿಸಬೇಕೆಂದು ಲೀಗ್‌ನ ಕಮಿಷನರ್ ಡೇವಿಡ್ ಸ್ಟರ್ನ್‌ಗೆ ಪತ್ರ ಬರೆದರು. ಹಣ ತೆತ್ತು ಆಟ ನೋಡುವವನೂ ಗ್ರಾಹಕನೇ, ಅವನಿಗೆ ಕಲಬೆರಕೆಯಿಲ್ಲದ ಆಟ ಸಿಗಬೇಕು ಎಂಬುದು ಅವರ ವಾದದ ತಿರುಳು. ಆ ಒಂದು ಪಂದ್ಯದ ಮಾತು ಕಾಲು ಶತಮಾನವಾಗುತ್ತ ಬಂದರೂ ನಿಂತಿಲ್ಲ. ಲೀಗ್‌ಗೆ ಲಾಭವಾಗುವಂತೆ ರೆಫರಿಗಳು ನವಿರಾಗಿ ಪಂದ್ಯಗಳನ್ನು ತಿರುಗಿಸುತ್ತಾರೆಯೇ? ಉತ್ತರ ಹೌದು, ಇಲ್ಲ ಎಂಬ ಒಂದೇ ಮಾತಿನಲ್ಲಿ ಮುಗಿಯುವಂಥದ್ದಲ್ಲ.

ಒಬ್ಬ ಚೆಂಡಿಗೆ, ಒಬ್ಬ ಆಟಗಾರರಿಗೆ

ಬ್ಯಾಸ್ಕೆಟ್‌ಬಾಲ್ ಆಟವನ್ನು 1891ರ ಡಿಸೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕ ರೂಪಿಸಿದರು. ಚಳಿಗಾಲದಲ್ಲಿ ಹೊರಗೆ ಆಡಲಾಗದ ಹುಡುಗರಿಗೆ ಒಳಗೆ ಆಡುವ ಆಟ ಬೇಕಿತ್ತು. ಅವರು ಬರೆದದ್ದು ಬರೇ 13 ನಿಯಮಗಳು. ಅವುಗಳಲ್ಲಿ ತೀರ್ಪುಗಾರರ ಕೆಲಸವನ್ನು ಎರಡಾಗಿ ಹಂಚಿದ್ದರು. ಅಂಪೈರ್ ಆಟಗಾರರ ಮೇಲೆ ಕಣ್ಣಿಟ್ಟು ಫೌಲ್ ಗುರುತಿಸಬೇಕು. ರೆಫರಿ ಚೆಂಡಿನ ಮೇಲೆ ಕಣ್ಣಿಟ್ಟು ಅದು ಯಾರ ಪಾಲು ಎಂದು ಹೇಳಬೇಕು.

ಚೆಂಡಿನ ವಿಚಾರ ಸುಲಭ. ಅದು ಗೆರೆ ದಾಟಿತೋ ಇಲ್ಲವೋ, ಬುಟ್ಟಿಯೊಳಗೆ ಬಿತ್ತೋ ಇಲ್ಲವೋ ಎಲ್ಲರಿಗೂ ಕಾಣುತ್ತದೆ. ಕಷ್ಟವೆಲ್ಲ ಆಟಗಾರರ ವಿಚಾರದಲ್ಲೇ. ಮೈಗೆ ಮೈ ತಗಲಬಾರದೆಂದು ಹುಟ್ಟಿದ ಆಟ ಬೆಳೆಯುತ್ತ ಬೆಳೆಯುತ್ತ, ಆರೂವರೆ ಏಳಡಿ ಎತ್ತರದ ಹತ್ತು ಮಂದಿ ಇಕ್ಕಟ್ಟಾದ ಜಾಗದಲ್ಲಿ ನುಗ್ಗಾಡುವ ಆಟವಾಯಿತು. ಅಲ್ಲಿ ಮೈ ತಾಗದ ಗಳಿಗೆಯೇ ಇಲ್ಲ. ಬುಟ್ಟಿಯತ್ತ ನುಗ್ಗುವವನಿಗೂ ತಡೆಯುವವನಿಗೂ ಡಿಕ್ಕಿಯಾದರೆ ತಪ್ಪು ನುಗ್ಗಿದವನದೋ, ಅಡ್ಡ ಬಂದವನದೋ? ತಡೆಯುವವನ ಪಾದಗಳು ಎಲ್ಲಿದ್ದವು, ಆತ ಯಾವಾಗ ಅಲ್ಲಿ ಬಂದು ನಿಂತ ಎಂಬುದನ್ನು ರೆಫರಿ ಕಣ್ಣು ಮಿಟುಕಿಸುವಷ್ಟರಲ್ಲಿ ನಿರ್ಧರಿಸಬೇಕು. ಎಲ್ಲ ತಾಗುವಿಕೆಗೂ ಸೀಟಿ ಊದಿದರೆ ಆಟವೇ ನಡೆಯದು. ಯಾವುದಕ್ಕೆ ಊದಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆ ಆಟದ ಒಡಲಿನಲ್ಲೇ ಇದೆ. ಕೆಲಸದ ಹೊರೆ ಹೆಚ್ಚಿದ್ದಕ್ಕೇ ಎನ್‌ಬಿಎ 1988–89ರ ಋತುವಿನಿಂದ ಇಬ್ಬರ ಬದಲು ಮೂವರು ರೆಫರಿಗಳನ್ನು ಅಂಗಣಕ್ಕೆ ಇಳಿಸಿತು. ವಿವೇಚನೆ ಇರುವಲ್ಲೆಲ್ಲ ಗುಮಾನಿಗೂ ಎಡೆಯಿದೆ.

ಒಂದು ಪಂದ್ಯ ಹೆಚ್ಚಾದರೆ

ಗುಮಾನಿಗೆ ಮೂಲ ಹಣ. ಎನ್‌ಬಿಎ ತಂಡಗಳು ನಿಯಮಿತ ಋತುವಿನಲ್ಲಿ ತಲಾ 82 ಪಂದ್ಯ ಆಡುತ್ತವೆ. ಆಮೇಲೆ ಆಯ್ದ ತಂಡಗಳ ನಡುವೆ ಪ್ಲೇಆಫ್ ಸರಣಿಗಳು. ಆಟಗಾರರ ಸಂಬಳ ಮುಖ್ಯವಾಗಿ ನಿಯಮಿತ ಋತುವಿಗೆ ಸೇರಿದ್ದು. ಹಾಗಾಗಿ ಪ್ಲೇಆಫ್‌ನಲ್ಲಿ ತವರಿನಲ್ಲಿ ನಡೆಯುವ ಒಂದೊಂದು ಪಂದ್ಯದ ಟಿಕೆಟ್ ಹಣವೂ ತಂಡದ ಮಾಲೀಕನಿಗೆ ಹಬ್ಬದೂಟ. ಮೊದಲ ಸುತ್ತಿನ ಸರಣಿ 1983ರವರೆಗೆ ಮೂರು ಪಂದ್ಯಗಳದ್ದಾಗಿತ್ತು. 1984ರಿಂದ ಐದಾಯಿತು; 2003ರಿಂದ ಏಳು. ಸರಣಿ ಉದ್ದವಾದರೆ ಆದಾಯ ಹೆಚ್ಚು ಎಂಬ ಲೆಕ್ಕವನ್ನು ಲೀಗ್ ಎಂದೂ ಮರೆತಿಲ್ಲ.

ಟಿಕೆಟ್‌ಗಿಂತ ದೊಡ್ಡದು ಟೆಲಿವಿಷನ್ ಹಣ. 2002ರಲ್ಲಿ ಶುರುವಾದ ಪ್ರಸಾರ ಒಪ್ಪಂದ ಆರು ವರ್ಷಕ್ಕೆ 460 ಕೋಟಿ ಡಾಲರ್‌ನದಾಗಿತ್ತು. 2014ರಲ್ಲಿ ಸಹಿಯಾದದ್ದು ಒಂಬತ್ತು ವರ್ಷಕ್ಕೆ 2,400 ಕೋಟಿ ಡಾಲರ್. 2024ರಲ್ಲಿ ಸಹಿಯಾದದ್ದು 11 ವರ್ಷಕ್ಕೆ ಸುಮಾರು 7,600 ಕೋಟಿ ಡಾಲರ್. ಇವು ಮೊದಲೇ ನಿಗದಿಯಾದ ಮೊತ್ತಗಳು. ಒಂದು ಪಂದ್ಯ ಹೆಚ್ಚಾದ ಮಾತ್ರಕ್ಕೆ ಆ ವರ್ಷ ಲೀಗ್‌ನ ಪೆಟ್ಟಿಗೆ ಹೆಚ್ಚು ತುಂಬುವುದಿಲ್ಲ. ಆದರೆ ಮುಂದಿನ ಒಪ್ಪಂದದ ಬೆಲೆ ಎಷ್ಟು ಜನ ನೋಡಿದರು ಎಂಬುದರ ಮೇಲೆ ನಿಂತಿದೆ. ಮೈಕೆಲ್ ಜೋರ್ಡನ್ ಶಿಕಾಗೊ ಬುಲ್ಸ್ ಪರ ಆಡಿದ 1998ರ ಫೈನಲ್ ಸರಣಿಯನ್ನು ಅಮೆರಿಕದಲ್ಲಿ ಪಂದ್ಯಕ್ಕೆ ಸರಾಸರಿ 2.9 ಕೋಟಿ ಜನ ನೋಡಿದರು. 2007ರಲ್ಲಿ ಸ್ಯಾನ್ ಆಂಟೊನಿಯೊ ತಂಡ ಕ್ಲೀವ್‌ಲ್ಯಾಂಡ್ ತಂಡವನ್ನು 4–0ಯಿಂದ ಸೋಲಿಸಿದಾಗ ನೋಡಿದವರು ಸರಾಸರಿ 93 ಲಕ್ಷ. ದೊಡ್ಡ ನಗರ, ದೊಡ್ಡ ತಾರೆ, ದೀರ್ಘ ಸರಣಿ: ಇವು ಮೂರೂ ಕೂಡಿದರೆ ಲೀಗ್‌ಗೆ ಸುಗ್ಗಿ. ಈ ಲೆಕ್ಕ ಅಭಿಮಾನಿಗೂ ಗೊತ್ತು. ಆದ್ದರಿಂದಲೇ ತನ್ನ ತಂಡ ಸೋತ ರಾತ್ರಿ ಆತ ಮೊದಲು ಬೊಟ್ಟು ಮಾಡುವುದು ರೆಫರಿಯತ್ತ.

ಗುಮಾನಿಯ ಸರಮಾಲೆ

ಇಂಥ ಗುಮಾನಿಗಳಲ್ಲಿ ಹೆಸರಾದದ್ದು 1985ರದು. ಆ ವರ್ಷ ಹೊಸ ಆಟಗಾರರನ್ನು ಹಂಚಿಕೊಳ್ಳುವ ಸರದಿಯಲ್ಲಿ ಮೊದಲ ಸ್ಥಾನ ಯಾರಿಗೆ ಎಂಬುದನ್ನು ಏಳು ತಂಡಗಳ ನಡುವೆ ಮೊದಲ ಬಾರಿಗೆ ಲಾಟರಿಯಲ್ಲಿ ನಿರ್ಧರಿಸಲಾಯಿತು. ಕಾಲೇಜು ಆಟದ ಮಹಾತಾರೆ ಪ್ಯಾಟ್ರಿಕ್ ಯೂಯಿಂಗ್ ದೇಶದ ಅತಿ ದೊಡ್ಡ ಮಾರುಕಟ್ಟೆಯಾದ ನ್ಯೂಯಾರ್ಕ್‌ನ ತಂಡಕ್ಕೇ ದಕ್ಕಿದರು. ನ್ಯೂಯಾರ್ಕ್‌ನ ಲಕೋಟೆಯನ್ನು ಮುಟ್ಟಿದರೆ ಗೊತ್ತಾಗಲೆಂದು ಮೊದಲೇ ತಣ್ಣಗೆ ಮಾಡಿ ಇಟ್ಟಿದ್ದರು ಎಂಬ ಕತೆ ಹುಟ್ಟಿತು. ಯಾವ ಸಾಕ್ಷ್ಯವೂ ಸಿಗಲಿಲ್ಲ. ಕತೆ ಮಾತ್ರ ಉಳಿಯಿತು. ತಮಾಷೆಯೆಂದರೆ, ಯೂಯಿಂಗ್ ಆಡಿದಷ್ಟು ವರ್ಷವೂ ನ್ಯೂಯಾರ್ಕ್ ತಂಡ ಒಮ್ಮೆಯೂ ಚಾಂಪಿಯನ್ ಆಗಲಿಲ್ಲ.

1994ರ ಮೇ ತಿಂಗಳಲ್ಲಿ ಅದೇ ನ್ಯೂಯಾರ್ಕ್‌ನಲ್ಲಿ ಬುಲ್ಸ್ ವಿರುದ್ಧದ ಐದನೆಯ ಪಂದ್ಯ. ಬುಲ್ಸ್ ಒಂದು ಅಂಕದಿಂದ ಮುಂದಿತ್ತು. ಉಳಿದದ್ದು ಎರಡು ಸೆಕೆಂಡು ಮಾತ್ರ. ನ್ಯೂಯಾರ್ಕ್‌ನ ಹ್ಯೂಬರ್ಟ್ ಡೇವಿಸ್ ಚೆಂಡು ಎಸೆದು ಗುರಿ ತಪ್ಪಿದರು. ಆದರೆ ಎಸೆದ ಮೇಲೆ ಸ್ಕಾಟಿ ಪಿಪ್ಪನ್‌ರ ಕೈ ತಾಗಿತೆಂದು ಫೌಲ್ ಘೋಷಣೆಯಾಯಿತು. ಎರಡು ಫ್ರೀ ಥ್ರೋ ಬಿದ್ದು ನ್ಯೂಯಾರ್ಕ್ 87–86ರಿಂದ ಗೆದ್ದಿತು. ಅದೇ ಪಂದ್ಯದಲ್ಲಿದ್ದ ಹಿರಿಯ ರೆಫರಿಯೊಬ್ಬರೇ ಮುಂದೆ ಆ ತೀರ್ಪು ಕೆಟ್ಟದ್ದೆಂದು ಒಪ್ಪಿಕೊಂಡರು. ನ್ಯೂಯಾರ್ಕ್ ಸರಣಿಯನ್ನು ಏಳನೆಯ ಪಂದ್ಯದಲ್ಲಿ ಗೆದ್ದಿತು.

2005ರ ಪ್ರಸಂಗ ಇನ್ನೂ ಸೂಕ್ಷ್ಮ. ಹ್ಯೂಸ್ಟನ್ ತಂಡ ಡಲ್ಲಾಸ್ ವಿರುದ್ಧ 2–0 ಮುಂದಿತ್ತು. ಹ್ಯೂಸ್ಟನ್‌ನ ಚೀನೀ ಆಟಗಾರ ಯಾವ್ ಮಿಂಗ್ ಅಕ್ರಮವಾಗಿ ಅಡ್ಡ ನಿಲ್ಲುತ್ತಾರೆಂದು ಡಲ್ಲಾಸ್ ಮಾಲೀಕ ಮಾರ್ಕ್ ಕ್ಯೂಬನ್ ಲೀಗ್‌ಗೆ ದೂರಿದ್ದರು. ಆ ದೂರಿನ ಫಲವಾಗಿಯೇ ಯಾವ್ ಮೇಲೆ ರೆಫರಿಗಳ ಕಣ್ಣು ಬಿದ್ದಿದೆ, ಇದನ್ನು ಒಳಗಿನವರೇ ತಮಗೆ ಹೇಳಿದರು ಎಂದು ಹ್ಯೂಸ್ಟನ್ ತರಬೇತುದಾರ ಜೆಫ್ ವ್ಯಾನ್ ಗಂಡಿ ಬಹಿರಂಗವಾಗಿ ಆಡಿದರು. ಲೀಗ್ ಅವರಿಗೆ ಒಂದು ಲಕ್ಷ ಡಾಲರ್ ದಂಡ ಹಾಕಿತು. ಡಲ್ಲಾಸ್ 4–3ರಿಂದ ಸರಣಿ ಗೆದ್ದಿತು. ಇಲ್ಲಿ ಯಾರಿಗೂ ಲಂಚದ ಆರೋಪವಿಲ್ಲ. ಯಾವ ತಪ್ಪಿನ ಮೇಲೆ ಹೆಚ್ಚು ಗಮನವಿರಲಿ ಎಂದು ಕಚೇರಿ ಸೂಚಿಸುವುದು ಮೇಲ್ವಿಚಾರಣೆಯ ಸಹಜ ಭಾಗವೇ. ಆದರೆ ಸರಣಿಯ ನಡುವೆ, ಒಬ್ಬ ಆಟಗಾರನ ಬಗ್ಗೆ ಅಂಥ ಸೂಚನೆ ಹೋದರೆ ಅದು ಮೇಲ್ವಿಚಾರಣೆಯೋ, ಹಸ್ತಕ್ಷೇಪವೋ?

ಮರುವರ್ಷ ಡಲ್ಲಾಸ್‌ನ ಸರದಿ. 2006ರ ಫೈನಲ್‌ನಲ್ಲಿ ಮಯಾಮಿ ವಿರುದ್ಧ 2–0 ಮುಂದಿದ್ದ ಅದು ಮುಂದಿನ ನಾಲ್ಕನ್ನೂ ಸೋತಿತು. ಐದನೆಯ ಪಂದ್ಯದಲ್ಲಿ ಮಯಾಮಿಯ ಡ್ವೇನ್ ವೇಡ್ ಒಬ್ಬರಿಗೇ 25 ಫ್ರೀ ಥ್ರೋ; ಡಲ್ಲಾಸ್‌ನ ಇಡೀ ತಂಡಕ್ಕೂ ಅಷ್ಟೇ. ಮಯಾಮಿ ಗೆದ್ದದ್ದು ಒಂದೇ ಅಂಕದಿಂದ. ದೂರು ಕೊಟ್ಟವನೇ ಮರುವರ್ಷ ದೂರುವ ಸ್ಥಿತಿಗೆ ಬಂದ. ರೆಫರಿಗಳ ಬಗ್ಗೆ ಬಾಯಿಬಿಟ್ಟು ಕ್ಯೂಬನ್ ದಂಡ ತೆತ್ತದ್ದು ಅದೇ ಮೊದಲೇನೂ ಅಲ್ಲ. 2002ರಲ್ಲಿ ರೆಫರಿಗಳ ಮುಖ್ಯಸ್ಥರಿಗೆ ಒಂದು ಐಸ್‌ಕ್ರೀಂ ಅಂಗಡಿ ನಡೆಸಲೂ ಬಾರದು ಎಂದು ಹಂಗಿಸಿದ್ದಕ್ಕೆ ಐದು ಲಕ್ಷ ಡಾಲರ್ ಕಟ್ಟಿದ್ದರು. ಆ ಅಂಗಡಿಯವರು ಕರೆದಾಗ ಒಂದು ದಿನ ಅಲ್ಲಿ ಕೆಲಸವನ್ನೂ ಮಾಡಿ ಬಂದರು.

ಬೇಲಿಯೇ ಹೊಲ ಮೇಯ್ದಾಗ

ಇವೆಲ್ಲ ಗುಮಾನಿ ಮಾತ್ರ. ಆದರೆ 2007ರ ಜುಲೈನಲ್ಲಿ ಸಾಕ್ಷ್ಯವೇ ಎದ್ದು ನಿಂತಿತು. 13 ಋತುಗಳಿಂದ ಎನ್‌ಬಿಎ ರೆಫರಿಯಾಗಿದ್ದ ಟಿಮ್ ಡೊನಾಗಿ, ತಾನೇ ತೀರ್ಪು ನೀಡಿದ ಪಂದ್ಯಗಳೂ ಸೇರಿದಂತೆ ಎನ್‌ಬಿಎ ಪಂದ್ಯಗಳ ಮೇಲೆ ಬಾಜಿ ಕಟ್ಟಿದ್ದನ್ನು ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಪತ್ತೆ ಹಚ್ಚಿತು. 2006ರ ಡಿಸೆಂಬರ್‌ನಿಂದ ಆತ ಬಾಜಿಕೋರನೊಬ್ಬನಿಗೆ ಯಾವ ತಂಡದ ಮೇಲೆ ಹಣ ಹೂಡಬೇಕೆಂದು ಸುಳಿವು ಕೊಡುತ್ತಿದ್ದ. ಸುಳಿವು ಫಲಿಸಿದರೆ ಮೊದಲು 2,000, ಆಮೇಲೆ 5,000 ಡಾಲರ್. 2007ರ ಆಗಸ್ಟ್‌ನಲ್ಲಿ ತಪ್ಪೊಪ್ಪಿಕೊಂಡ ಆತನಿಗೆ 2008ರ ಜುಲೈನಲ್ಲಿ ನ್ಯಾಯಾಲಯ 15 ತಿಂಗಳ ಸೆರೆವಾಸ ವಿಧಿಸಿತು.

ಆತನ ಸುಳಿವುಗಳ ಆಧಾರ ಗಮನಾರ್ಹ. ಯಾವ ಪಂದ್ಯಕ್ಕೆ ಯಾವ ರೆಫರಿಗಳು ಎಂಬುದನ್ನು ಆಗ ಲೀಗ್ ಗುಟ್ಟಾಗಿಡುತ್ತಿತ್ತು. ಯಾವ ರೆಫರಿಗೆ ಯಾವ ಆಟಗಾರನೊಂದಿಗೆ ಸರಿಹೋಗದು ಎಂಬುದು ಒಳಗಿನವನಾದ ಡೊನಾಗಿಗೆ ಗೊತ್ತಿತ್ತು. ಅಂದರೆ ರೆಫರಿಗಳ ಹೆಸರು ತಿಳಿದರೆ ಫಲಿತಾಂಶ ಊಹಿಸುವುದು ಸುಲಭವಾಗುತ್ತದೆ ಎಂದು ಆತ ಹಣ ಹೂಡುವವರಿಗೆ ಮಾರಿದ. ಅದು ಲೀಗ್‌ಗೆ ಸಂಚಿಗಿಂತಲೂ ಇರುಸುಮುರುಸಿನ ಸಂಗತಿ.

ಶಿಕ್ಷೆಗೆ ಮುಂಚೆ, 2008ರ ಜೂನ್‌ನಲ್ಲಿ ಡೊನಾಗಿಯ ವಕೀಲರು ನ್ಯಾಯಾಲಯಕ್ಕೆ ಪತ್ರವೊಂದನ್ನು ಸಲ್ಲಿಸಿದರು. 2002ರ ಪ್ಲೇಆಫ್ ಸರಣಿಯೊಂದರ ಆರನೆಯ ಪಂದ್ಯದಲ್ಲಿ ಇಬ್ಬರು ರೆಫರಿಗಳು ಸರಣಿ ಏಳನೆಯ ಪಂದ್ಯಕ್ಕೆ ಹೋಗಲೆಂದು ಒಂದು ತಂಡದ ಪರ ವಾಲಿದ್ದರು, ಅವರು ಲೀಗ್‌ನ ಹಿತ ಕಾಯುವವರೆಂದು ಹೆಸರಾಗಿದ್ದರು ಎಂಬುದು ಅದರ ಆಪಾದನೆ. ತಂಡಗಳ ಹೆಸರಿರಲಿಲ್ಲ. ಆದರೆ ಆ ವರ್ಷ ಏಳನೆಯ ಪಂದ್ಯದವರೆಗೆ ಹೋದದ್ದು ಲೇಕರ್ಸ್–ಕಿಂಗ್ಸ್ ಸರಣಿಯೊಂದೇ. ಲೀಗ್ ಇದನ್ನು ಶಿಕ್ಷೆ ತಗ್ಗಿಸಿಕೊಳ್ಳಲು ಅಪರಾಧಿ ಹೂಡಿದ ಆಟವೆಂದು ತಳ್ಳಿಹಾಕಿತು. ಲೀಗ್ ನೇಮಿಸಿದ್ದ ಮಾಜಿ ಸರ್ಕಾರಿ ಅಭಿಯೋಜಕ ಲಾರೆನ್ಸ್ ಪೆಡೊವಿಟ್ಜ್ 2008ರ ಅಕ್ಟೋಬರ್‌ನಲ್ಲಿ ವರದಿ ಕೊಟ್ಟು, ಬೇರಾವ ರೆಫರಿಯೂ ಬಾಜಿಯಲ್ಲಿ ಭಾಗಿಯಾದದ್ದಕ್ಕೆ ಅಥವಾ ಪಂದ್ಯ ತಿರುಗಿಸಿದ್ದಕ್ಕೆ ಸಾಕ್ಷ್ಯ ಸಿಗಲಿಲ್ಲವೆಂದರು. ಡೊನಾಗಿ ಕೂಡ ತಾನು ಬಾಜಿಗಾಗಿ ತೀರ್ಪು ತಿರುಚಿಲ್ಲವೆಂದೇ ಹೇಳುತ್ತ ಬಂದ. 2019ರಲ್ಲಿ ಇಎಸ್‌ಪಿಎನ್ ಪ್ರಕಟಿಸಿದ ತನಿಖಾ ವರದಿ ಅದನ್ನು ನಂಬಲಿಲ್ಲ. ಆತ ಪಂದ್ಯಗಳನ್ನು ತಿರುಗಿಸಿದ್ದನೆಂದೇ ವಾದಿಸಿತು.

ಡೊನಾಗಿ ತಪ್ಪಿತಸ್ಥನೆಂಬುದು ನಿಜ. ಆದರೆ ಆತ ದುಡಿದದ್ದು ತನ್ನ ಜೇಬಿಗಾಗಿ, ಲೀಗ್‌ನ ಲಾಭಕ್ಕಾಗಿ ಅಲ್ಲ. ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟುವುದು ಸರಿಯಲ್ಲ.

ನಾಣ್ಯ ಚಿಮ್ಮಿದರೆ ಏನು ಹೇಳುತ್ತದೆ?

ಲೀಗ್ ನಿಜವಾಗಿಯೂ ಸಂಚು ಹೂಡುತ್ತಿದ್ದರೆ ಅದರ ಗುರುತು ದಾಖಲೆಗಳಲ್ಲಿ ಮೂಡಬೇಕಿತ್ತು. ಸರಿಸಮಾನ ತಂಡಗಳೆರಡು ಆಡಿದರೆ, ಪ್ರತಿ ಪಂದ್ಯವೂ ನಾಣ್ಯ ಚಿಮ್ಮಿದಂತೆ. ಆಗ ಏಳು ಪಂದ್ಯಗಳ ಸರಣಿ ಕೊನೆಯ ಪಂದ್ಯದವರೆಗೆ ಹೋಗುವುದು 16ರಲ್ಲಿ 5 ಸಲ. ಈ ಲೆಕ್ಕದಲ್ಲಿ 26 ಫೈನಲ್ ಸರಣಿಗಳಲ್ಲಿ ಎಂಟು ಏಳನೆಯ ಪಂದ್ಯ ಕಾಣಬೇಕು. 2000ದಿಂದ 2025ರವರೆಗಿನ 26 ಫೈನಲ್‌ಗಳಲ್ಲಿ ಏಳನೆಯ ಪಂದ್ಯ ಕಂಡದ್ದು ಐದೇ: 2005, 2010, 2013, 2016 ಮತ್ತು 2025. ತಂಡಗಳು ಎಂದೂ ಸರಿಸಮಾನವಲ್ಲವಾದ್ದರಿಂದ ಎಂಟಕ್ಕಿಂತ ಕಡಿಮೆಯಾಗುವುದು ಸಹಜ. ಆದರೆ ಫೈನಲ್‌ಗಳನ್ನು ಎಳೆದೆಳೆದು ಉದ್ದ ಮಾಡುತ್ತಾರೆ ಎಂಬ ಮಾತಿಗೆ ಈ ಅಂಕಿಗಳಲ್ಲಿ ಆಧಾರವಿಲ್ಲ. 2002, 2007 ಮತ್ತು 2018ರ ಫೈನಲ್‌ಗಳು ನಾಲ್ಕೇ ಪಂದ್ಯಗಳಲ್ಲಿ ಮುಗಿದುಹೋದವು.

ದೊಡ್ಡ ನಗರಗಳ ವಿಚಾರವೂ ಹೀಗೆಯೇ. 1973ರಲ್ಲಿ ಚಾಂಪಿಯನ್ ಆದ ನ್ಯೂಯಾರ್ಕ್ ತಂಡಕ್ಕೆ ಮುಂದಿನ ಅರ್ಧ ಶತಮಾನ ಆ ಪಟ್ಟ ಮತ್ತೆ ದಕ್ಕಲಿಲ್ಲ. ಟೆಲಿವಿಷನ್ ಲೆಕ್ಕದಲ್ಲಿ ಚಿಕ್ಕದಾದ ಸ್ಯಾನ್ ಆಂಟೊನಿಯೊ 1999, 2003, 2005, 2007 ಮತ್ತು 2014ರಲ್ಲಿ ಗೆದ್ದಿತು. 2021ರಲ್ಲಿ ಮಿಲ್ವಾಕಿ ಗೆದ್ದಿತು. 2025ರ ಫೈನಲ್‌ನಲ್ಲಿ ಎದುರಾದದ್ದು ಒಕ್ಲಹೋಮ ಸಿಟಿ ಮತ್ತು ಇಂಡಿಯಾನ. ಎರಡೂ ಚಿಕ್ಕ ಮಾರುಕಟ್ಟೆಗಳೇ. ಮೇಲಿನಿಂದ ಆಜ್ಞೆ ಬರುತ್ತಿದ್ದರೆ ಆಜ್ಞೆ ಕೊಡುವವರು ತಮ್ಮ ಲಾಭವನ್ನೇ ಅರಿಯದವರು ಎನ್ನಬೇಕಾಗುತ್ತದೆ.

ಆಜ್ಞೆಯಿಲ್ಲದ ಪಕ್ಷಪಾತ

ಹಾಗಾದರೆ ಎಲ್ಲವೂ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಕತೆಯೇ? ಅಷ್ಟು ಸುಲಭವಾಗಿ ಬಿಡುವಂತಿಲ್ಲ. ಜೋಸೆಫ್ ಪ್ರೈಸ್, ಮಾರ್ಕ್ ರೆಮರ್ ಮತ್ತು ಡೇನಿಯಲ್ ಸ್ಟೋನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಜಾಣತನದಿಂದ ಪರೀಕ್ಷಿಸಿತು. ತಂಡವೊಂದು ಚೆಂಡು ಕಳೆದುಕೊಳ್ಳುವುದು ಎರಡು ಬಗೆ. ಚೆಂಡನ್ನು ತಪ್ಪಾಗಿ ಎಸೆದು ಎದುರಾಳಿಯ ಕೈಗೆ ಕೊಡುವುದು ಒಂದು. ಇಲ್ಲಿ ರೆಫರಿಯ ಪಾತ್ರ ಅಷ್ಟಿಲ್ಲ. ಹೆಜ್ಜೆ ಹೆಚ್ಚಾಯಿತು, ಎದುರಾಳಿಯನ್ನು ತಳ್ಳಿದ ಎಂದು ರೆಫರಿ ಸೀಟಿ ಊದಿ ಚೆಂಡು ಕಸಿಯುವುದು ಇನ್ನೊಂದು. ಇದು ಪೂರ್ತಿ ರೆಫರಿಯ ವಿವೇಚನೆ. ಎರಡನ್ನೂ ಹೋಲಿಸಿದರೆ ರೆಫರಿಯ ಒಲವು ಬಯಲಾಗುತ್ತದೆ.

ಕಂಡದ್ದು ಇಷ್ಟು: ರೆಫರಿಗಳ ತೀರ್ಪು ತವರು ತಂಡದ ಕಡೆಗೆ, ಪಂದ್ಯದಲ್ಲಿ ಹಿಂದಿರುವ ತಂಡದ ಕಡೆಗೆ, ಪ್ಲೇಆಫ್ ಸರಣಿಯಲ್ಲಿ ಹಿಂದೆ ಬಿದ್ದ ತಂಡದ ಕಡೆಗೆ ತುಸು ವಾಲುತ್ತದೆ. ಮೂರೂ ಲೀಗ್‌ನ ಆದಾಯಕ್ಕೆ ಅನುಕೂಲವೇ. ತವರು ಪ್ರೇಕ್ಷಕ ಸಂತುಷ್ಟ, ಪಂದ್ಯ ಕೊನೆಯವರೆಗೆ ಬಿಗಿ, ಸರಣಿ ಉದ್ದ.

ಆದರೆ ಇದರಿಂದ ಸಂಚು ಸಾಬೀತಾಗದು. ಹತ್ತಿಪ್ಪತ್ತು ಸಾವಿರ ಜನ ಒಂದೇ ಕೊರಳಿನಿಂದ ಕೂಗುವಾಗ ಮನುಷ್ಯನ ಮನಸ್ಸು ಆ ಕಡೆ ಒಂದು ಕೂದಲೆಳೆಯಷ್ಟು ಜಾರುವುದು ಸಹಜ. 2007ರಲ್ಲಿ ಇಟಲಿಯ ಕೆಲವು ಫುಟ್‌ಬಾಲ್ ಪಂದ್ಯಗಳು ಸುರಕ್ಷತೆಯ ಕಾರಣಕ್ಕೆ ಪ್ರೇಕ್ಷಕರಿಲ್ಲದೆ ನಡೆದವು. ಅವುಗಳನ್ನು ಅಧ್ಯಯನ ಮಾಡಿದ ಸ್ವೀಡನ್‌ನ ವಿದ್ವಾಂಸರಿಗೆ, ಜನ ಇಲ್ಲದಾಗ ತವರು ತಂಡದ ಕಡೆಗಿನ ರೆಫರಿಗಳ ಒಲವು ಕುಗ್ಗಿದ್ದು ಕಂಡಿತು. ಸೋಲುತ್ತಿರುವವನ ಮೇಲೆ ಮತ್ತೊಂದು ಪೆಟ್ಟು ಹಾಕಲು ಅಳುಕುವುದೂ ಮನುಷ್ಯ ಸ್ವಭಾವವೇ. ಇನ್ನು ಸರಣಿಯ ರಚನೆ. ಬಲವಾದ ತಂಡದ ಊರಿನಲ್ಲಿ ಎರಡು ಸೋತು ಬಂದ ತಂಡ ಮುಂದಿನ ಎರಡನ್ನು ತನ್ನ ಊರಿನಲ್ಲೇ ಆಡುತ್ತದೆ. ಆರನೆಯ ಪಂದ್ಯವೂ ಅಲ್ಲಿಯೇ. ಆದ್ದರಿಂದ ತವರಿನ ಒಲವೊಂದೇ ಸಾಕು, ಸರಣಿ ತಾನಾಗಿ ಬೆಳೆಯುತ್ತದೆ. 2002ರ ಆರನೆಯ ಪಂದ್ಯವೂ ಹಿಂದಿದ್ದ ಲೇಕರ್ಸ್‌ನ ಊರಿನಲ್ಲೇ ನಡೆದದ್ದು ಎಂಬುದನ್ನು ಇಲ್ಲಿ ನೆನೆಯಬೇಕು. ಯಾರ ಪಿಸುಮಾತೂ ಬೇಕಿಲ್ಲ. ಮನುಷ್ಯನ ದೌರ್ಬಲ್ಯವೂ ಲೀಗ್‌ನ ಲಾಭವೂ ಒಂದೇ ದಿಕ್ಕಿಗೆ ಹರಿಯುತ್ತವೆ.

ತೊಡಕಿರುವುದೇ ಇಲ್ಲಿ. ತನಗೆ ನಷ್ಟ ತರುವ ತಪ್ಪನ್ನು ತಿದ್ದಲು ಯಾವ ಸಂಸ್ಥೆಯಾದರೂ ಧಾವಿಸುತ್ತದೆ. ಲಾಭ ತರುವ ತಪ್ಪನ್ನು ತಿದ್ದಲು ಅಷ್ಟೇ ಆತುರ ತೋರಿಸುತ್ತದೆಯೇ? ಎನ್‌ಬಿಎಯ ರೆಫರಿಗಳನ್ನು ನೇಮಿಸುವುದು, ಸಂಬಳ ಕೊಡುವುದು, ಅಂಕ ಹಾಕುವುದು ಲೀಗ್ ಕಚೇರಿಯೇ. ಒಳ್ಳೆಯ ಅಂಕ ಬಂದವರಿಗೆ ಪ್ಲೇಆಫ್. ಸುತ್ತು ಸುತ್ತಿಗೂ ಜರಡಿ ಹಿಡಿದು ಕೊನೆಗೆ ಹನ್ನೆರಡು ಮಂದಿಗೆ ಫೈನಲ್. ಈ ಅಂಕಪಟ್ಟಿ ಹೊರಗಿನವರಿಗೆ ಕಾಣುವುದಿಲ್ಲ. ಕ್ರಿಕೆಟ್‌ನಲ್ಲೂ ಆತಿಥೇಯ ದೇಶದವರೇ ಅಂಪೈರ್ ಆಗಿದ್ದ ಕಾಲದಲ್ಲಿ ಇಂಥದೇ ಗೊಣಗಾಟವಿತ್ತು. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ 1994ರಿಂದ ಟೆಸ್ಟ್‌ಗಳಿಗೆ ಒಬ್ಬ, 2002ರಿಂದ ಇಬ್ಬರೂ ತಟಸ್ಥ ಅಂಪೈರ್‌ಗಳನ್ನು ತಂದಿತು. ಎಲ್ಲ ತಂಡಗಳೂ ಒಂದೇ ಉದ್ಯಮದ ಪಾಲುದಾರರಾಗಿರುವ ಎನ್‌ಬಿಎಯಲ್ಲಿ ತಟಸ್ಥ ಎನ್ನುವ ಹೊರಗಿನವರೇ ಇಲ್ಲ.

ಬೆಳಕಿಗೆ ಬಂದರೆ

ಮದ್ದು ಏನೆಂಬುದಕ್ಕೆ ಇನ್ನೊಂದು ಅಧ್ಯಯನ ದಾರಿ ತೋರಿಸುತ್ತದೆ. ಬಿಳಿಯ ರೆಫರಿಗಳೇ ಇದ್ದಾಗ ಕರಿಯ ಆಟಗಾರರ ಮೇಲೆ ಫೌಲ್‌ಗಳು ಶೇ. 2.5ರಿಂದ 4.5ರಷ್ಟು ಹೆಚ್ಚುತ್ತವೆ ಎಂದು ಪ್ರೈಸ್ ಮತ್ತು ಜಸ್ಟಿನ್ ವುಲ್ಫರ್ಸ್ 2007ರಲ್ಲಿ ಹೇಳಿದರು. ಪತ್ರಿಕೆಗಳ ಮುಖಪುಟಕ್ಕೆ ಬಂದ ಈ ಮಾತನ್ನು ಲೀಗ್ ಖಡಾಖಂಡಿತವಾಗಿ ಅಲ್ಲಗಳೆಯಿತು. ನಂತರದ ವರ್ಷಗಳ ಅಂಕಿಅಂಶಗಳನ್ನು ಅದೇ ವಿದ್ವಾಂಸರು ಮತ್ತೆ ನೋಡಿದಾಗ ಆ ಒಲವು ಮಾಯವಾಗಿತ್ತು. ಹೊಸ ನಿಯಮ ಬಂದಿರಲಿಲ್ಲ, ಯಾರಿಗೂ ಶಿಕ್ಷೆಯಾಗಿರಲಿಲ್ಲ. ತಪ್ಪು ಬಹಿರಂಗವಾದದ್ದೇ ಅದನ್ನು ತಿದ್ದಿತು ಎಂಬುದು 2018ರಲ್ಲಿ ಪ್ರಕಟವಾದ ಅವರ ತೀರ್ಮಾನ.

ಎನ್‌ಬಿಎ ಕೂಡ ಮೆಲ್ಲಗೆ ಅದೇ ದಾರಿ ಹಿಡಿಯಿತು. ಡೊನಾಗಿ ಹಗರಣದ ಬೆನ್ನಲ್ಲೇ ರೆಫರಿಗಳ ಹೆಸರನ್ನು ಪಂದ್ಯದ ದಿನ ಬೆಳಿಗ್ಗೆಯೇ ಪ್ರಕಟಿಸತೊಡಗಿತು. ಗುಟ್ಟೇ ಇಲ್ಲದಿದ್ದರೆ ಮಾರುವುದೇನನ್ನು? 2008ರಲ್ಲಿ ನಿವೃತ್ತ ಸೇನಾ ಜನರಲ್ ಒಬ್ಬರನ್ನು ರೆಫರಿ ವಿಭಾಗದ ಮುಖ್ಯಸ್ಥರನ್ನಾಗಿ ಮಾಡಿತು. 2014ರಲ್ಲಿ ನ್ಯೂಜೆರ್ಸಿಯಲ್ಲಿ ಮರುವೀಕ್ಷಣಾ ಕೇಂದ್ರ ತೆರೆಯಿತು. 2015ರ ಮಾರ್ಚ್‌ನಿಂದ, ಬಿಗಿಯಾದ ಪಂದ್ಯಗಳ ಕೊನೆಯ ಎರಡು ನಿಮಿಷಗಳ ತೀರ್ಪುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬ ವರದಿಯನ್ನು ಮರುದಿನ ಪ್ರಕಟಿಸುತ್ತ ಬಂದಿದೆ. 2019–20ರಿಂದ ತರಬೇತುದಾರರಿಗೆ ತೀರ್ಪು ಪ್ರಶ್ನಿಸುವ ಅವಕಾಶವೂ ಬಂತು.

ಈ ವರದಿಗಳು ಲೀಗ್‌ಗೆ ಮುಜುಗರವನ್ನೂ ತಂದಿವೆ. 2016ರ ಮೇ ತಿಂಗಳಲ್ಲಿ ಒಕ್ಲಹೋಮ ಸಿಟಿ ತಂಡ ಸ್ಯಾನ್ ಆಂಟೊನಿಯೊವನ್ನು 98–97ರಿಂದ ಸೋಲಿಸಿದ ಪಂದ್ಯದ ಕೊನೆಯ 13.5 ಸೆಕೆಂಡುಗಳಲ್ಲೇ ರೆಫರಿಗಳು ಐದು ತಪ್ಪುಗಳನ್ನು ಗಮನಿಸದೆ ಬಿಟ್ಟರೆಂದು ಲೀಗ್ ತಾನೇ ಒಪ್ಪಿಕೊಂಡಿತು. ಫಲಿತಾಂಶ ಬದಲಾಗಲಿಲ್ಲ, ಬದಲಾಗುವುದೂ ಇಲ್ಲ. ಒಬ್ಬ ಮನುಷ್ಯನ ಎರಡು ನಿಮಿಷಗಳ ತಪ್ಪನ್ನಷ್ಟೇ ಎತ್ತಿ ಹಿಡಿಯುವುದು ಅನ್ಯಾಯವೆಂದು ರೆಫರಿಗಳ ಸಂಘ ಆಕ್ಷೇಪಿಸಿತು. ಅದರಲ್ಲೂ ಹುರುಳಿದೆ. ಮೊದಲ ನಿಮಿಷದ ತಪ್ಪು ತೀರ್ಪೂ ಕೊನೆಯ ನಿಮಿಷದ್ದರಷ್ಟೇ ಅಂಕ ಕಸಿಯುತ್ತದೆ. ಹಾಗಾದರೆ ಬೇಕಾದದ್ದು ಕಡಿಮೆ ಬೆಳಕಲ್ಲ, ಹೆಚ್ಚು ಬೆಳಕು: ಎರಡು ನಿಮಿಷದ ಬದಲು ಇಡೀ ಪಂದ್ಯದ ಲೆಕ್ಕ, ಮತ್ತು ಆ ಲೆಕ್ಕ ಹಾಕಲು ಲೀಗ್‌ನ ಸಂಬಳ ಪಡೆಯದ ಕೈಗಳು.

ಈ ಮಾತಿಗೆ ತುರ್ತು ಹೆಚ್ಚಾಗಿದೆ. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕ್ರೀಡಾ ಬಾಜಿಯ ಮೇಲಿದ್ದ ಕೇಂದ್ರದ ನಿರ್ಬಂಧವನ್ನು ತೆಗೆದುಹಾಕಿದ ಮೇಲೆ ಹಲವು ರಾಜ್ಯಗಳಲ್ಲಿ ಬಾಜಿ ಕಾನೂನುಬದ್ಧ ವ್ಯಾಪಾರವಾಯಿತು. ಲೀಗ್ ಕೂಡ ಬಾಜಿ ಕಂಪನಿಗಳೊಂದಿಗೆ ಕೈಜೋಡಿಸಿತು. 2024ರ ಏಪ್ರಿಲ್‌ನಲ್ಲಿ ಜಾಂಟೆ ಪೋರ್ಟರ್ ಎಂಬ ಆಟಗಾರ ಬಾಜಿಕೋರರಿಗೆ ಒಳಸುದ್ದಿ ಕೊಟ್ಟದ್ದಕ್ಕೆ ಆಜೀವ ನಿಷೇಧಕ್ಕೊಳಗಾದರು. ಈಗ ಒಂದು ತಪ್ಪು ಸೀಟಿಗೆ ಹೃದಯ ಒಡೆಯುವುದಷ್ಟೇ ಅಲ್ಲ, ಕೋಟ್ಯಂತರ ಡಾಲರ್ ಕೈ ಬದಲಾಗುತ್ತದೆ.

ಇನ್ನು ಸ್ಯಾಕ್ರಮೆಂಟೊ. 2002ರ ಜೂನ್ 2ರಂದು ಏಳನೆಯ ಪಂದ್ಯವನ್ನು ಕಿಂಗ್ಸ್ ಆಡಿದ್ದು ತನ್ನ ಊರಿನಲ್ಲೇ, ತನ್ನ ಜನರ ಮುಂದೆಯೇ. ಸಿಕ್ಕಿದ 30 ಫ್ರೀ ಥ್ರೋಗಳಲ್ಲಿ 14ನ್ನು ಕೈಚೆಲ್ಲಿತು. ದೂರದಿಂದ ಎಸೆದ 20 ಮೂರಂಕದ ಚೆಂಡುಗಳಲ್ಲಿ ಬುಟ್ಟಿಗೆ ಬಿದ್ದದ್ದು ಎರಡೇ. ಹೆಚ್ಚುವರಿ ಅವಧಿಯಲ್ಲಿ 112–106ರಿಂದ ಸೋತಿತು. ಆ ಸೋಲಿಗೆ ರೆಫರಿ ಕಾರಣನಲ್ಲ. ಮುಂದೆ 2007ರಿಂದ 2022ರವರೆಗೆ ಸತತ 16 ಋತು ಆ ತಂಡ ಪ್ಲೇಆಫ್ ಮುಖವನ್ನೇ ಕಾಣಲಿಲ್ಲ. 2013ರಲ್ಲಿ ಮುಂಬೈಯಲ್ಲಿ ಹುಟ್ಟಿದ ಉದ್ಯಮಿ ವಿವೇಕ್ ರಣದಿವೆ ಅದರ ಒಡೆತನ ವಹಿಸಿಕೊಂಡರು. ಆಟಗಾರರು ಹೋದರು, ಕ್ರೀಡಾಂಗಣ ಬದಲಾಯಿತು. ಆದರೂ ಆ ಊರಿನವರು ಇಂದಿಗೂ ನೆನೆಯುವುದು ತಾವೇ ಕೈಚೆಲ್ಲಿದ 14 ಫ್ರೀ ಥ್ರೋಗಳನ್ನಲ್ಲ, ಅದಕ್ಕೆ ಎರಡು ದಿನ ಮುಂಚೆ ಎದುರಾಳಿಗೆ ದಕ್ಕಿದ 27ನ್ನು. ತನ್ನ ತಪ್ಪಿನಿಂದ ಸೋತವನು ಮರುವರ್ಷ ಮತ್ತೆ ಆಡಲು ಬರುತ್ತಾನೆ. ತೀರ್ಪಿನಲ್ಲಿ ನಂಬಿಕೆ ಕಳೆದುಕೊಂಡವನಿಗೆ ಸೋಲು ಎಂದೂ ಮುಗಿಯುವುದಿಲ್ಲ.